ಪಾಲಿನ ಔಷಧಿ

"ಇವನ ಮುಖ ಸರಿಯಾಗಿ ನೋಡ್ಕೊಳ್ರಪ್ಪ," ಅಂದಳು ಗಂಗಮಾಳಮ್ಮ, ಆಸ್ಪತ್ರೆಯ ಅಂಗಳದಲ್ಲಿ, ಕೂತ ಅಷ್ಟೂ ಜನರ ಮುಂದೆ. "ನನ್ನ ಮಗನ ಔಷಧೀನ ತನ್ನ ಅಣ್ಣನಿಗೆ ಕುಡಿಸಿದೋನು ಇವನೇ. ನನ್ನ ಮಗನಿಗೆ ಸಿಕ್ಕಿದ್ದು ಇವನಣ್ಣನ ಉಪ್ಪುನೀರು. ಏಳನೇ ಕ್ಲಾಸೂ ದಾಟದೋನು. ಅವತ್ತು ಡಾಕ್ಟ್ರಮ್ಮನಿಗೆ ಬುದ್ಧಿ ಹೇಳಿದ, ಇವತ್ತು ನಿಮಗೆ ಹೇಳಕ್ಕೆ ಬಂದಿದಾನೆ. ಇವನ ಮಾತು ಕೇಳಿದ್ದಕ್ಕೆ ನನ್ನ ಮಗ ಅರ್ಧ ಮನುಷ್ಯನಾಗಿ ಉಳಿದ. ನೀವೂ ಕೇಳಿ, ಉದ್ಧಾರ ಆಗ್ತೀರಿ."

ಒಂದು ವಿಷಯದಲ್ಲಿ ಆಕೆ ಹೇಳಿದ್ದು ನಿಜ. ಏಳನೇ ಕ್ಲಾಸು ನಾನು ದಾಟಿಲ್ಲ. ಮೇಷ್ಟ್ರು ನನ್ನ ಲೆಕ್ಕ ನೋಡಿ ನಕ್ಕರು ಅಂತ ಸಿಟ್ಟಿನಲ್ಲಿ ಚೀಲ ಎತ್ತಿಕೊಂಡು ಹೊರಟುಬಿಟ್ಟೆ. ಗೇಟಿನ ಹತ್ತಿರ ನಿಂತೆ, ಯಾರಾದರೂ ಬಂದು ಕರೆದರೆ ಮೊದಲು ಸ್ವಲ್ಪ ಸತಾಯಿಸಿ ಆಮೇಲೆ ಒಳಗೆ ಹೋಗೋಣ ಅಂತ. ಮಧ್ಯಾಹ್ನದ ಬೆಲ್ಲು ಹೊಡೆಯಿತು, ಸಂಜೆಯ ಬೆಲ್ಲೂ ಹೊಡೆಯಿತು. ಇವತ್ತಿನವರೆಗೂ ಯಾರೂ ಕರೆದಿಲ್ಲ. ಅಲ್ಲಿಂದ ಸೀದಾ ಅಣ್ಣನ ಸೈಕಲ್ ಅಂಗಡಿಗೆ ಹೋಗಿ ಪಂಪು ಹಿಡಿದೆ. ಅವತ್ತಿನಿಂದ ನನ್ನ ಕೆಲಸ ಟ್ಯೂಬಿಗೆ ಗಾಳಿ ಹೊಡೆಯುವುದು, ಬಿಡುವಿದ್ದಾಗ ಸಿಟ್ಟು ಮಾಡಿಕೊಳ್ಳುವುದು. ಎರಡರಲ್ಲೂ ಕೈ ಪಳಗಿದೆ.

ಬೇರೆ ಊರುಗಳಲ್ಲಿ ಕರೆಂಟು ಹೋಗುವ ಹಾಗೆ ನಮ್ಮೂರಲ್ಲಿ ಗಾಳಿ ಹೋಗುತ್ತದೆ. ಯಾವಾಗ ಅಂತ ಹೇಳಲಿಕ್ಕೆ ಬರುವುದಿಲ್ಲ. ಕಿವಿಯೊಳಗೆ ಗುಂಯ್ ಅನ್ನುತ್ತದೆ, ಒಲೆ ಆರುತ್ತದೆ, ನಾಯಿ ಇದ್ದಲ್ಲೇ ಮಲಗುತ್ತದೆ, ಎದುರಿಗಿದ್ದವರ ಬಾಯಿ ಆಡುತ್ತಿದ್ದರೂ ಸದ್ದು ಬರುವುದಿಲ್ಲ. ನಾವೂ ಇದ್ದಲ್ಲೇ ಕೂತು ಉಸಿರು ಕಟ್ಟುತ್ತೇವೆ. ಕಟ್ಟಲಾರದವರು ಹೆಗಲಿಗೆ ಹಾಕಿಕೊಂಡ ಸೈಕಲ್ ಟ್ಯೂಬಿನ ಕ್ಲಿಪ್ಪು ಸಡಿಲಿಸಿ ಎಳೆದುಕೊಳ್ಳುತ್ತಾರೆ. ಸ್ಕೂಲಿನ ಮಕ್ಕಳಿಗೆ ಸಣ್ಣ ಟ್ಯೂಬು, ಮದುಮಗಳಿಗೆ ಜರಿ ಸುತ್ತಿದ ಟ್ಯೂಬು. ಗಾಳಿ ತಿರುಗಿ ಬಂದ ಮೇಲೆ ಎಲ್ಲರೂ ಒಮ್ಮೆ ಬೈದುಕೊಂಡು ಎದ್ದು, ಅರ್ಧ ಬೆಂದ ಇಡ್ಲಿಗೆ ಮತ್ತೆ ಒಲೆ ಹಚ್ಚುತ್ತಾರೆ.

ಇದಕ್ಕೆ ತಕ್ಕ ಹಾಗೆ ಊರಲ್ಲಿ ಕೆಲವು ಕಟ್ಟಳೆಗಳಿವೆ. ಗಾಳಿ ಹೋದಾಗ ಮಾತಾಡುತ್ತಿದ್ದವರು ಗಾಳಿ ಬಂದ ಮೇಲೆ ಮುಂದುವರಿಸುವ ಹಾಗಿಲ್ಲ, ಮೊದಲ ಮಾತು ಕೇಳುತ್ತಿದ್ದವರದ್ದು. ಇದೊಂದು ಇಲ್ಲದಿದ್ದರೆ ನಮ್ಮೂರಿನ ಗಂಡಹೆಂಡಿರ ಜಗಳ ಯಾವುದೂ ಮುಗಿಯುತ್ತಿರಲಿಲ್ಲ. ಇನ್ನೊಂದು, ಟ್ಯೂಬನ್ನು ಯಾರೂ ಒಬ್ಬರೇ ಮುಗಿಸುವ ಹಾಗಿಲ್ಲ. ಪಕ್ಕದಲ್ಲಿ ಇದ್ದವರು ಯಾರೇ ಆಗಲಿ, ಕೋರ್ಟಿನಲ್ಲಿ ಕೇಸು ನಡೆಯುತ್ತಿರುವ ದಾಯಾದಿಯೇ ಆಗಲಿ, ಅರ್ಧ ಅವರಿಗೆ. ಯಾರ ಟ್ಯೂಬು ಅಂತ ಕುಡಿದವರು ಕೇಳಬಾರದು, ನಂದು ಅಂತ ಕೊಟ್ಟವರು ಹೇಳಬಾರದು. ಹೀಗೆ ಪಾಲು ಹಂಚಿಕೊಂಡವರನ್ನು ಪಾಲಿನವರು ಅನ್ನುತ್ತೇವೆ. ನನಗೆ ಊರಿನ ಎಲ್ಲ ಕಟ್ಟಳೆಯ ಮೇಲೂ ಸಿಟ್ಟಿದೆ, ಇದೊಂದರ ಮೇಲೆ ಮಾತ್ರ ಇರಲಿಲ್ಲ. ಅದೇ ನನಗೆ ಮುಳುವಾಯಿತು.

ಹೋದ ವರ್ಷ ಒಂದು ಮಧ್ಯಾಹ್ನ ಗಾಳಿ ಹೋದದ್ದು ಬೇಗ ಬರಲೇ ಇಲ್ಲ. ಎಚ್ಚರವಿದ್ದವರು ಟ್ಯೂಬಿನ ಮೇಲೆ ಟ್ಯೂಬು ಬಿಚ್ಚಿ ಬದುಕಿಕೊಂಡರು. ಸಿಕ್ಕಿಹಾಕಿಕೊಂಡವರು ಊಟ ಮಾಡಿ ಮಲಗಿದ್ದವರು. ನನ್ನ ಅಣ್ಣ ಹಾಲೇಶಿ ಅಂಗಡಿಯ ಹಿಂದೆ ಗೋಣಿಚೀಲದ ಮೇಲೆ ಒರಗಿದ್ದ. ಪಕ್ಕದ ಮನೆಯ ಗಂಗಮಾಳಮ್ಮನ ಮಗ ಕೊಟ್ರೇಶಿ ಮಂಡಕ್ಕಿ ಭಟ್ಟಿಯ ಕಟ್ಟೆಯ ಮೇಲೆ ಮಲಗಿದ್ದ. ಇಬ್ಬರೂ ಎದ್ದರು, ಆದರೆ ಪೂರ್ತಿ ಏಳಲಿಲ್ಲ. ಡಾಕ್ಟರು ಮಿದುಳಿಗೆ ಆಮ್ಲಜನಕ ಸಾಲದೆ ಆದ ಪೆಟ್ಟು ಅಂದರು. ನಾವು ನಿದ್ದೆಪೆಟ್ಟು ಅಂದೆವು. ಅವತ್ತಿನಿಂದ ಊರಲ್ಲಿ ಯಾರೂ ಮಧ್ಯಾಹ್ನ ಮಲಗುವುದಿಲ್ಲ. ಮೂರು ಗಂಟೆ ಹೊತ್ತಿಗೆ ನಮ್ಮ ಪೇಟೆಗೆ ಬಂದು ನೋಡಿ, ಎಲ್ಲರೂ ಕೆಂಗಣ್ಣು ಬಿಟ್ಟುಕೊಂಡು ಒಬ್ಬರ ಮೇಲೊಬ್ಬರು ಹರಿಹಾಯುತ್ತಿರುತ್ತಾರೆ. ನಾನೊಬ್ಬನೇ ಎಂದಿನ ಹಾಗೆ ಇರುತ್ತೇನೆ.

ಅಣ್ಣ ಅಂದರೆ ಕಣ್ಣು ಮುಚ್ಚಿಕೊಂಡು ತೂತು ಹುಡುಕಿ ಪ್ಯಾಚು ಹಾಕುತ್ತಿದ್ದ ಮನುಷ್ಯ. ಈಗ ಟೀ ಗ್ಲಾಸು ಹಿಡಿಯಲಿಕ್ಕೆ ಕೈ ಚಾಚಿದರೆ ಆ ಕೈ ಹಾರುತ್ತದೆ. ಸುಮ್ಮನೆ ತೊಡೆಯ ಮೇಲಿಟ್ಟುಕೊಂಡಿದ್ದರೆ ಏನೂ ಇಲ್ಲ, ಏನಾದರೂ ಮಾಡಲು ಹೊರಟರೆ ಮಾತ್ರ ಹಾರುತ್ತದೆ. ಅಂಗಿಯ ಒಂದು ತೋಳು ಹಾಕಿಕೊಂಡು ಇನ್ನೊಂದನ್ನು ಮರೆತು ಕೂರುತ್ತಾನೆ. ಪಾನಾ, ಪಂಪು, ಅನ್ನ, ನಾನು, ಎಲ್ಲಕ್ಕೂ 'ಅದು' ಅನ್ನುತ್ತಾನೆ. ಕೈ ಹಾರಿ ಟೀ ನನ್ನ ಮೇಲೆ ಚೆಲ್ಲಿದಾಗಲೆಲ್ಲ ನಗುತ್ತಾನೆ. ನನಗೂ ನಗು ಬರುತ್ತದೆ, ಅದಕ್ಕೆ ಇನ್ನಷ್ಟು ಸಿಟ್ಟು ಬರುತ್ತದೆ.

ಆಗ ಬಂದವರು ಡಾಕ್ಟ್ರಮ್ಮ ತೇಜಾವತಿ. ಹೊರಗಿನವರು. ಗಾಳಿ ಹೋದಾಗ ಟ್ಯೂಬನ್ನು ತಾವೊಬ್ಬರೇ ಮುಗಿಸಿಬಿಡುತ್ತಿದ್ದರು, ಹೊರಗಿನವರು ಅಂತ ಊರು ಸುಮ್ಮನಿತ್ತು. ನಿದ್ದೆಪೆಟ್ಟಿಗೆ ಹೊಸ ಔಷಧಿ ಬಂದಿದೆ, ಅದು ಕೆಲಸ ಮಾಡುತ್ತದೋ ಇಲ್ಲವೋ ಪರೀಕ್ಷೆ ಮಾಡಬೇಕು ಅಂತ ನಮ್ಮ ಪೇಟೆಯವರನ್ನೆಲ್ಲ ಇದೇ ಅಂಗಳದಲ್ಲಿ ಕೂರಿಸಿದರು.

"ಅರ್ಧ ಜನಕ್ಕೆ ಔಷಧಿ, ಅರ್ಧ ಜನಕ್ಕೆ ಬರೀ ಉಪ್ಪುನೀರು," ಅಂದರು. "ಬಾಟ್ಲಿ ಒಂದೇ ಥರ, ರುಚಿ ಒಂದೇ ಥರ. ಯಾರಿಗೆ ಯಾವುದು ಅಂತ ನಿಮಗೂ ಗೊತ್ತಾಗಲ್ಲ, ನನಗೂ ಗೊತ್ತಿಲ್ಲ. ದೂರದ ದೊಡ್ಡ ಆಫೀಸಿಗೆ ಮಾತ್ರ ಗೊತ್ತು."

"ನಿಮಗೂ ಗೊತ್ತಿಲ್ವಾ?" ಅಂದಳು ಗಂಗಮಾಳಮ್ಮ.

"ಇಲ್ಲಮ್ಮ."

"ಮತ್ತೆ ಅಷ್ಟು ದೂರದಿಂದ ಯಾಕೆ ಬಂದಿರಿ ತಾಯಿ?"

ಎಲ್ಲರೂ ನಕ್ಕರು. ಡಾಕ್ಟ್ರಮ್ಮನೂ ನಕ್ಕರು. ನಾನು ನಗಲಿಲ್ಲ, ಯಾಕೆಂದರೆ ನೀರು ನಮಗೇ ಅಂತ ನನಗೆ ಆಗಲೇ ಗ್ಯಾರಂಟಿಯಾಗಿತ್ತು. ರೇಷನ್ನಿನಲ್ಲಿ ಹುಳದ ಅಕ್ಕಿ ನಮಗೆ, ಬಸ್ಸಿನಲ್ಲಿ ಮುರಿದ ಸೀಟು ನಮಗೆ, ಔಷಧಿಯಲ್ಲಿ ನೀರು ಇನ್ನು ಯಾರಿಗೆ? ಆದರೂ ತಲೆಯಾಡಿಸಿ ಸಹಿ ಹಾಕಿ, ಒಂದು ವಾರದ ಬಾಟ್ಲಿ ತಗೊಂಡು, ಡಾಕ್ಟ್ರಮ್ಮ ಒಳಗೆ ಹೋಗುವವರೆಗೆ ಕಾದೆ. ನಾನು ಧೈರ್ಯವಂತ ಅನ್ನುವುದು ಇದರಲ್ಲೇ ಗೊತ್ತಾಗುತ್ತದೆ.

ಆಮೇಲೆ ಗೇಟಿನ ಹೊರಗೆ ಕಲ್ಲಿನ ಮೇಲೆ ಹತ್ತಿ ಭಾಷಣ ಮಾಡಿದೆ. "ಅರ್ಧ ಜನ ಬದುಕಬೇಕು, ಅರ್ಧ ಜನ ಉಪ್ಪುನೀರು ಕುಡೀಬೇಕು ಅಂದ್ರೆ ಏನರ್ಥ? ನಮ್ಮೂರಲ್ಲಿ? ಗಾಳೀನೇ ಅರ್ಧ ಮಾಡಿ ಕುಡಿದೋರು ನಾವು. ಔಷಧಿ ಯಾವ ಲೆಕ್ಕ? ಪಕ್ಕದ ಮನೆಯೋರು ಪಾಲಿನವರಾಗಿ. ಎರಡು ಬಾಟ್ಲಿ ಒಂದು ಲೋಟಕ್ಕೆ ಸುರೀರಿ, ಅರ್ಧರ್ಧ ಕುಡಿಸಿ. ಯಾರಿಗೂ ಮೋಸ ಇಲ್ಲ." ಚಪ್ಪಾಳೆ ಬರಲಿಲ್ಲ. ನಮ್ಮೂರಲ್ಲಿ ಒಪ್ಪಿದವರು ಚಪ್ಪಾಳೆ ತಟ್ಟುವುದಿಲ್ಲ, ಮನೆಗೆ ಹೋಗಿ ಮಾಡುತ್ತಾರೆ. ಹಾಗೇ ಮಾಡಿದರು.

ನಮ್ಮ ಪಾಲಿನವಳು ಗಂಗಮಾಳಮ್ಮ. ದಿನಾ ಬೆಳಿಗ್ಗೆ ಆಕೆ ಕೊಟ್ರೇಶಿಯ ಬಾಟ್ಲಿ ಸೆರಗಿನಲ್ಲಿ ಮುಚ್ಚಿಕೊಂಡು ಬರುತ್ತಿದ್ದಳು, ನಾನು ಅಣ್ಣನದ್ದು ತೆಗೆಯುತ್ತಿದ್ದೆ. ಹಿತ್ತಾಳೆಯ ಲೋಟಕ್ಕೆ ಎರಡೂ ಸುರಿದು, ಚಮಚದಲ್ಲಿ ತಿರುವಿ, ಎರಡು ಬಟ್ಟಲಿಗೆ ಸಮ ಮಾಡುತ್ತಿದ್ದೆವು. ನನ್ನ ಕಣ್ಣಳತೆಯ ಮೇಲೆ ಆಕೆಗೆ ನಂಬಿಕೆ ಸಾಲದು, ಎರಡೂ ಬಟ್ಟಲಿಗೆ ಬೆರಳಿಟ್ಟು ನೋಡುತ್ತಿದ್ದಳು. "ಗುತ್ಯಪ್ಪ, ನೀನು ಓದಿದ್ದರೆ ಎಲ್ಲೋ ಇರ್ತಿದ್ದೆ," ಅನ್ನುತ್ತಿದ್ದಳು. ನಾನೂ ಹಾಗೇ ಅಂದುಕೊಳ್ಳುತ್ತಿದ್ದೆ. ಆ ಕೆಲವು ತಿಂಗಳು ನಾನು ಊರಿನ ನಾಯಕ. ಟೀ ಅಂಗಡಿಯಲ್ಲಿ ಬೆಂಚಿನ ತುದಿ ಬಿಟ್ಟು ನಡುವೆ ಕೂರುತ್ತಿದ್ದೆ. ಒಂದು ಕನ್ನಡಕ ಕೊಳ್ಳುವ ಯೋಚನೆಯೂ ಇತ್ತು, ಕಣ್ಣು ಚೆನ್ನಾಗಿದ್ದರೂ.

ಕೊಟ್ರೇಶಿ ಗೋಡೆ ಹಿಡಿದು ನಡೆಯತೊಡಗಿದ. ಆಮೇಲೆ ಗೋಡೆ ಬಿಟ್ಟ. ಒಂದು ದಿನ ನಲ್ಲಿಯಿಂದ ಕೊಡ ತಂದ, ದಾರಿಯುದ್ದಕ್ಕೂ ಚೆಲ್ಲಿಕೊಂಡು, ಆದರೆ ತಂದ. ಗಂಗಮಾಳಮ್ಮ ಆ ನೀರನ್ನು ಯಾರಿಗೂ ಮುಟ್ಟಗೊಡದೆ ಸಂಜೆವರೆಗೂ ನೋಡುತ್ತಾ ಕೂತಳು. ನಮ್ಮ ಅಣ್ಣ ಎರಡನೇ ತೋಳಿನ ನೆನಪು ಮಾಡಿಕೊಂಡ. ಮೇಲಿನ ಗುಂಡಿ ತಾನೇ ಹಾಕಿಕೊಂಡ. ಅಷ್ಟಕ್ಕೆ ನಿಂತ. ಇನ್ನೊಂದು ಸ್ವಲ್ಪ, ಇನ್ನೊಂದು ಸ್ವಲ್ಪ ಅಂತ ನಾನು ದಿನಾ ಬೆಳಿಗ್ಗೆ ಅವನ ಮುಂದೆ ಟೀ ಇಡುತ್ತಿದ್ದೆ, ದಿನಾ ಅಂಗಿ ಒಗೆಯುತ್ತಿದ್ದೆ.

ಪರೀಕ್ಷೆಯ ಕಾಲ ಮುಗಿದಾಗ ಡಾಕ್ಟ್ರಮ್ಮ ಎಲ್ಲರನ್ನೂ ಕರೆಸಿದರು. ಮುಖ ಸಪ್ಪಗಿತ್ತು. "ದೊಡ್ಡ ಆಫೀಸಿನವರು ಹೋಲಿಸಿ ನೋಡಿದ್ದಾರೆ. ಔಷಧಿ ಸಿಕ್ಕಿದೋರೂ ನೀರು ಸಿಕ್ಕಿದೋರೂ ಹೆಚ್ಚುಕಮ್ಮಿ ಒಂದೇ ಸಮ ಸುಧಾರಿಸಿದ್ದಾರಂತೆ," ಅಂದರು.

"ಒಳ್ಳೇದಾಯ್ತಲ್ಲ," ಅಂದಳು ಗಂಗಮಾಳಮ್ಮ.

"ಒಳ್ಳೇದಲ್ಲಮ್ಮ. ನೀರಿಗೂ ಔಷಧಿಗೂ ವ್ಯತ್ಯಾಸ ಇಲ್ಲ ಅಂದ್ರೆ ಔಷಧಿ ಕೆಲಸ ಮಾಡ್ತಿಲ್ಲ ಅಂತ ಅರ್ಥ. ತಾವಾಗೇ ಸುಧಾರಿಸಿದಾರೆ ಅಂತ ಅವರ ಲೆಕ್ಕ. ಈ ಔಷಧೀನ ಇಲ್ಲಿಗೆ ನಿಲ್ಲಿಸ್ತಾರೆ."

ನಾನು ಎದ್ದು ನಿಂತೆ. ಅಂಗಿ ಎಳೆದುಕೊಂಡೆ. ಈ ಕ್ಷಣಕ್ಕಾಗಿಯೇ ಹುಟ್ಟಿದವನ ಹಾಗೆ, "ವ್ಯತ್ಯಾಸ ಹೆಂಗೆ ಬರುತ್ತೆ ಡಾಕ್ಟ್ರೇ? ನಾವು ದಿನಾ ಪಾಲು ಮಾಡಿ ಕುಡಿಸಿದೀವಿ. ನಿಮ್ಮ ಆಟ ನಮ್ಮೂರಲ್ಲಿ ನಡೆಯಲ್ಲ," ಅಂದೆ.

ಡಾಕ್ಟ್ರಮ್ಮ ಕೈಯಲ್ಲಿದ್ದ ಪೆನ್ನನ್ನು ಮುಚ್ಚಿದರು. ತೆರೆದರು. ಮತ್ತೆ ಮುಚ್ಚಿದರು. "ಎಲ್ಲರೂನಾ?" ಅಂತ ಕೇಳಿದರು. ನಾನು ಹೆಮ್ಮೆಯಿಂದ ಹಿಂದೆ ತಿರುಗಿ ನೋಡಿದೆ. ಅಲ್ಲಿ ಎಲ್ಲರೂ ಚಪ್ಪಲಿ ನೋಡುತ್ತಿದ್ದರು. ಇಷ್ಟು ಜನಕ್ಕೆ ಒಟ್ಟಿಗೇ ಚಪ್ಪಲಿಯಲ್ಲಿ ಏನು ಕಂಡಿತೋ. "ಗುತ್ಯಪ್ಪ ಹೇಳಿದ, ನಾವು ಮಾಡಿದ್ವಿ," ಅಂತ ಯಾರೋ ಅಂದರು. ಡಾಕ್ಟ್ರಮ್ಮ ಅದುವರೆಗೆ ನನಗೆ ನೀವು ಅನ್ನುತ್ತಿದ್ದವರು. "ನೀನು ಒಳಗೆ ಬಾ," ಅಂದರು.

ಒಳಗೆ ಅವರು ಬೈದಿದ್ದರೆ ನನಗೆ ಸಲೀಸಾಗುತ್ತಿತ್ತು, ಬೈಗುಳಕ್ಕೆ ಉತ್ತರ ನನ್ನ ಹತ್ತಿರ ಯಾವಾಗಲೂ ಸ್ಟಾಕ್ ಇರುತ್ತದೆ. ಅವರು ಬಿಡಿಸಿ ಹೇಳಿದರು. ನೀರು ಕುಡಿದವರು ಇದ್ದರೆ ಮಾತ್ರ ಔಷಧಿಯ ಬೆಲೆ ತಿಳಿಯುತ್ತದೆ. ತಾನಾಗೇ ವಾಸಿಯಾಗುವುದು ಎಷ್ಟು, ಔಷಧಿಯಿಂದ ಎಷ್ಟು ಅಂತ ಬೇರೆ ಮಾಡಲು ಇನ್ನೊಂದು ದಾರಿಯಿಲ್ಲ. ಗೆದ್ದರೆ ನೀರು ಕುಡಿದವರಿಗೂ ಕೊನೆಗೆ ಔಷಧಿ ಕೊಡುತ್ತಿದ್ದರು. ಇದನ್ನು ಮೊದಲ ದಿನವೇ ಹೇಳಿದ್ದರಂತೆ. ಆಗ ನಾನು ಮನಸ್ಸಿನಲ್ಲಿ ಭಾಷಣ ತಯಾರು ಮಾಡುತ್ತಿದ್ದೆ.

ಅವರು ದೊಡ್ಡ ಆಫೀಸಿನ ಕಾಲು ಹಿಡಿದರು, ಹಲವು ದಿನ ಫೋನಿನಲ್ಲೇ ಇದ್ದರು. ಕೊನೆಗೆ ಆಫೀಸಿನವರು ಇನ್ನೊಂದೇ ಒಂದು ಸಲ ಅಂತ ಒಪ್ಪಿದರಂತೆ. ಮೇಲಿನ ಪೇಟೆಯ ರೋಗಿಗಳ ಮೇಲೆ, ಹೊಸದಾಗಿ. ಹಳಬರು ಯಾರೂ ಇದರಲ್ಲಿ ಸೇರುವಂತಿಲ್ಲ. ಔಷಧಿ ಗೆದ್ದರೆ ಎಲ್ಲರಿಗೂ ಪೂರ್ತಿ ಬಾಟ್ಲಿ, ನಮ್ಮ ಅಣ್ಣನಿಗೂ. ಈ ಸಲವೂ ಕೆಟ್ಟರೆ ಗಂಟು ಕಟ್ಟಿಕೊಂಡು ಹೋಗುತ್ತಾರೆ.

"ಮೇಲಿನ ಪೇಟೆಯವರೂ ನಿಮ್ಮೂರಿನವರೇ. ನಾನು ಬೇಡ ಅಂದ್ರೆ ಹೂಂ ಅಂತಾರೆ, ಮನೆಗೆ ಹೋಗಿ ಪಾಲು ಮಾಡ್ತಾರೆ. ನೀನು ಹೇಳಬೇಕು," ಅಂದರು.

ನಾನು ಚೌಕಾಸಿಗೆ ನಿಂತೆ. "ಮೊದಲು ನಮ್ಮಣ್ಣನ ಬಾಟ್ಲಿಯಲ್ಲಿ ಏನಿತ್ತು ಹೇಳಿ. ನಮ್ಮ ಸುತ್ತು ಮುಗೀತಲ್ಲ. ನೀರೇ ತಾನೆ?"

ಅವರು ಎದ್ದು ಬಾಗಿಲು ಹಾಕಿ ಬಂದರು. "ಆಫೀಸಿನವರು ತಿಳಿಸಿದಾರೆ. ನಿಮ್ಮಣ್ಣಂದು ಔಷಧೀನೇ," ಅಂದರು. "ನಿಮ್ಮ ಪಾಲಿನವರದ್ದು ನಾನು ಹೇಳಲ್ಲ. ಆದರೆ ಅವನಿಗೆ ಸೇರಬೇಕಾದ್ದರಲ್ಲಿ ಸೇರಿದ್ದು ಅರ್ಧವೇ."

ಅಷ್ಟು ಲೆಕ್ಕಕ್ಕೆ ಆರನೇ ಕ್ಲಾಸು ಸಾಕು. ಕೊಟ್ರೇಶಿಯ ಬಾಟ್ಲಿಯಲ್ಲೂ ಔಷಧಿ ಇದ್ದಿದ್ದರೆ ಅರ್ಧಕ್ಕೆ ಅರ್ಧ ಸೇರಿ ಅಣ್ಣನಿಗೆ ಪೂರ್ತಿ ಬಂದಿರುತ್ತಿತ್ತು. ಬಂದದ್ದು ಅರ್ಧ. ಅಂದರೆ ಗಂಗಮಾಳಮ್ಮ ಸೆರಗಿನಲ್ಲಿ ಮುಚ್ಚಿಕೊಂಡು ತರುತ್ತಿದ್ದದ್ದು ನೀರು. ಅಂದರೆ ನಾನು ಹುಟ್ಟಿದ ಲಾಗಾಯ್ತು ಮೊದಲ ಸಲ ಸರ್ಕಾರವೋ ದೇವರೋ ಯಾರೋ ನಮ್ಮ ಮನೆಗೆ ಹುಳವಿಲ್ಲದ ಅಕ್ಕಿ ಕೊಟ್ಟಿದ್ದರು, ಮತ್ತು ನಾನು ಕಲ್ಲಿನ ಮೇಲೆ ಹತ್ತಿ ನಿಂತು, ನ್ಯಾಯ ಬೇಕು ಅಂತ ಕೂಗಿ, ದಿನಾ ಬೆಳಿಗ್ಗೆ ಅದರಲ್ಲಿ ಅರ್ಧ ತೆಗೆದು ನೀರು ಬೆರೆಸಿದ್ದೆ. ಚಮಚದಲ್ಲಿ ತಿರುವಿ ಬೇರೆ.

ಗಂಗಮಾಳಮ್ಮನನ್ನೂ ಡಾಕ್ಟ್ರಮ್ಮ ಕೇಳಿದರಂತೆ, ನಿಮ್ಮದು ಏನಿತ್ತು ತಿಳೀಬೇಕಾ ಅಂತ. "ಯಾರ ಟ್ಯೂಬು ಅಂತ ನಮ್ಮಲ್ಲಿ ಕೇಳಲ್ಲ ತಾಯಿ," ಅಂದಳಂತೆ. ಕೇಳಲಿಲ್ಲ, ಆದರೆ ತಾನೇ ತೀರ್ಮಾನ ಮಾಡಿಕೊಂಡಳು. ಮಗ ನಡೆಯುತ್ತಿದ್ದಾನೆ, ಅಂದರೆ ತನ್ನದೇ ಔಷಧಿ. ಪೂರ್ತಿ ಸರಿಹೋಗಲಿಲ್ಲ, ಅಂದರೆ ಅರ್ಧ ನಾನು ತಿಂದೆ. ಅವತ್ತಿನಿಂದ ನಮ್ಮ ಮನೆಯ ಕಡೆಯ ಕಿಟಕಿ ಮುಚ್ಚಿದಳು.

ಇವತ್ತು ಮೇಲಿನ ಪೇಟೆಯವರು ಬಾಟ್ಲಿ ತಗೊಂಡು ಅಂಗಳದಲ್ಲಿ ಕೂತಿದ್ದರು, ತಮ್ಮ ತಮ್ಮ ನಿದ್ದೆಪೆಟ್ಟಿನವರನ್ನು ಪಕ್ಕದಲ್ಲಿ ಕೂರಿಸಿಕೊಂಡು. ನಾನು ಎದ್ದು ನಿಂತು ಹೇಳಿದೆ, ಪಾಲು ಮಾಡಬೇಡಿ, ಅವರವರ ಬಾಟ್ಲಿ ಅವರವರೇ ಕುಡೀರಿ. ಬಾಯಿಂದ ಬಂದ ಆ ಮಾತು ನನಗೇ ಹೊಲಸು ಕೇಳಿಸಿತು. ಅಂಗಳದಲ್ಲಿ ಗುಸುಗುಸು ಶುರುವಾಯಿತು. ಒಬ್ಬ ಹೆಂಗಸು ಪಕ್ಕದವಳ ಮಂಡಿ ಮುಟ್ಟಿ ಕಣ್ಣಲ್ಲೇ ಏನೋ ಹೇಳಿದಳು, ಪಕ್ಕದವಳು ತಲೆಯಾಡಿಸಿದಳು. ಆ ಸನ್ನೆ ನನಗೆ ಗೊತ್ತು. ಮನೆಗೆ ಹೋಗಿ ಲೋಟ ತೊಳೆಯುವ ಸನ್ನೆ. ನನ್ನ ಮಾತಿಗೆ ಇರುವ ಬೆಲೆ ಅಷ್ಟು.

ಆಗ ಎದ್ದವಳು ಗಂಗಮಾಳಮ್ಮ. ಕೊಟ್ರೇಶಿಯನ್ನು ಡಾಕ್ಟ್ರಮ್ಮನಿಗೆ ತೋರಿಸಲು ಬಂದಿದ್ದಳು, ಅವನು ಬೇವಿನ ಮರದ ಕೆಳಗೆ ತನ್ನ ಪಾಡಿಗೆ ನಿಂತಿದ್ದ. ಮೊದಲೇ ಬರೆದೆನಲ್ಲ, ಆ ಮಾತು ಅಂದಳು. ಅಷ್ಟಕ್ಕೆ ನಿಲ್ಲಿಸಲಿಲ್ಲ. "ದಿನಾ ಬೆಳಿಗ್ಗೆ ಇವನ ಬಾಗಿಲಿಗೆ ಹೋಗಿ ನನ್ನ ಮಗನ ಅರ್ಧ ಆಯಸ್ಸು ಸುರಿದು ಬಂದೆ. ಆ ಅರ್ಧ ಅವನ ಹೊಟ್ಟೆ ಸೇರಿದ್ದರೆ ಇವತ್ತು ಭಟ್ಟಿಗೆ ಕೆಲಸಕ್ಕೆ ಹೋಗ್ತಿದ್ದ. ಆ ಹಾಲೇಶಿಗಾದ್ರೂ ಏನು ಬಂತು? ಗುಂಡಿ ಹಾಕ್ಕೊಳ್ತಾನೆ. ಗುಂಡಿ. ಇಬ್ಬರನ್ನೂ ಅರ್ಧ ಮಾಡಿ ನಿಲ್ಲಿಸಿದ ಈ ತಿಪ್ಪೆಗುಂಡಿ ನಾಯಕ..."

ನನ್ನ ನಾಲಿಗೆ ತುದಿಯಲ್ಲಿ ಒಂದೇ ವಾಕ್ಯ ಇತ್ತು. ದೊಡ್ಡಮ್ಮ, ನಿನ್ನ ಬಾಟ್ಲಿ ನೀರಿತ್ತು, ನಿನ್ನ ಮಗ ನಡೀತಿರೋದು ನಮ್ಮಣ್ಣನ ಪಾಲಿನಿಂದ. ಅಷ್ಟೇ. ಬಾಯಿ ತೆರೆದೆ. ಕಿವಿಯೊಳಗೆ ಗುಂಯ್ ಅಂದಿತು.

ಎಲ್ಲರೂ ಕೂತರು. ಆಕೆ ಮಾತ್ರ ಕೂಗುತ್ತಲೇ ಇದ್ದಳು, ಸದ್ದಿಲ್ಲದೆ, ಬೆರಳು ನನ್ನ ಕಡೆಗೇ. ಗಾಳಿ ಹೋಗುವ ಹೊತ್ತಿಗೆ ಕೂಗುತ್ತಿರುವುದಕ್ಕಿಂತ ಅಪಾಯ ಇನ್ನೊಂದಿಲ್ಲ, ಎದೆಯಲ್ಲಿ ಏನೂ ಉಳಿದಿರುವುದಿಲ್ಲ. ಹೆಗಲಿಗೆ ಕೈ ಹಾಕಿದಳು. ಅವಸರದಲ್ಲಿ ಬಂದಿದ್ದಳೇನೋ, ಟ್ಯೂಬು ಇರಲಿಲ್ಲ. ಮೊಣಕಾಲು ಮಡಿಚಿಕೊಂಡಿತು. ಅತೀ ಹತ್ತಿರ ಇದ್ದವನು ನಾನು. ಯಾವಾಗಲೂ ನಾನೇ ಇರುತ್ತೇನೆ. ಟ್ಯೂಬು ಬಿಚ್ಚಿ, ವಾಲ್ವು ಆಕೆಯ ಬಾಯಿಗೆ ಕೊಟ್ಟು, ತಲೆ ಹಿಡಿದುಕೊಂಡೆ. ಕಣ್ಣು ನನ್ನನ್ನೇ ದುರುಗುಟ್ಟುತ್ತಿತ್ತು, ಬಾಯಿ ಎಳೆಯುತ್ತಿತ್ತು. ಅರ್ಧಕ್ಕಿಂತ ಜಾಸ್ತಿಯೇ ಎಳೆದಳು. ಉಳಿದದ್ದನ್ನು ನಾನು ಎಳೆದೆ, ಅದರಲ್ಲಿ ಆಕೆಯ ಎಲೆಯಡಿಕೆಯ ವಾಸನೆ ಇತ್ತು.

ಗಾಳಿ ಬಂತು. ಕಾಗೆ ಕೂಗಿತು. ಎಲ್ಲರೂ ಬೈದುಕೊಂಡು ಸರಿಯಾಗಿ ಕೂತರು, ಆಮೇಲೆ ಎಲ್ಲರ ಮುಖ ನನ್ನ ಕಡೆ ತಿರುಗಿತು. ಮಾತಿನ ಸರದಿ ನನ್ನದು. ಆಕೆ ತುಟಿ ಬಿಗಿದುಕೊಂಡು ಕಾಯುತ್ತಿದ್ದಳು, ಕಟ್ಟಳೆ ಕಟ್ಟಳೆಯೇ. ಹುಟ್ಟಿದಾಗಿನಿಂದ ಇಂಥ ಸರದಿಗೆ ಕಾದವನು ನಾನು. ಎದುರಿಗೆ ಇಡೀ ಮೇಲಿನ ಪೇಟೆ, ಬಾಗಿಲಲ್ಲಿ ಡಾಕ್ಟ್ರಮ್ಮ, ನನ್ನ ಬಾಯಲ್ಲಿ ಸುಳ್ಳಲ್ಲದ ಒಂದು ಮಾತು. ಇಂಥ ಜೋಡಣೆ ನನ್ನ ಜಾತಕದಲ್ಲಿ ಮತ್ತೆ ಬರುವುದಿಲ್ಲ.

ಆಗ ಆ ಹೆಂಗಸನ್ನು ನೋಡಿದೆ, ಪಕ್ಕದವಳ ಮಂಡಿ ಮುಟ್ಟಿದವಳನ್ನು. ಅವಳು ತನ್ನ ಬಾಟ್ಲಿಗಳನ್ನು ಮಡಿಲಿಗೆ ಎಳೆದುಕೊಂಡು, ಅದರ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದಳು. ಪಕ್ಕದವಳೂ ಹಾಗೇ. ಸಾಲಿನುದ್ದಕ್ಕೂ ಹಾಗೇ. ಇಬ್ಬರನ್ನೂ ಅರ್ಧ ಮಾಡಿ ನಿಲ್ಲಿಸಿದ ಅಂದಿದ್ದಳಲ್ಲ ಗಂಗಮಾಳಮ್ಮ, ಅದು ನಾಟಿತ್ತು. ನನ್ನ ಭಾಷಣದಿಂದ ಆಗದ್ದು ಆಕೆಯ ಬೈಗುಳದಿಂದ ಆಗಿತ್ತು. ಈಗ ನಾನು ನಿಜ ಹೇಳಿದರೆ, ಹಂಚಿಕೊಂಡ ಅರ್ಧದಿಂದಲೇ ಕೊಟ್ರೇಶಿ ಎದ್ದ ಅಂತ ಹೇಳಿದರೆ, ಆ ಕೈಗಳು ಮತ್ತೆ ಸಡಿಲವಾಗುತ್ತವೆ. ಮನೆಗೆ ಹೋಗಿ ಲೋಟ ತೊಳೆಯುತ್ತಾರೆ. ಔಷಧಿಯವರು ಗಂಟು ಕಟ್ಟುತ್ತಾರೆ. ಅಣ್ಣ ಗುಂಡಿಯಲ್ಲೇ ನಿಲ್ಲುತ್ತಾನೆ. ನಾನು ಗೆದ್ದಿರುತ್ತೇನೆ.

ಆ ವಾಕ್ಯವನ್ನು ನುಂಗಿದೆ. ದೊಡ್ಡ ಮನಸ್ಸಿನಿಂದ ನುಂಗಿದೆ ಅಂತ ಬರೆಯುವ ಆಸೆ ಇದೆ, ಆದರೆ ಹಲ್ಲು ಕಡಿದ ಸದ್ದು ಮುಂದಿನ ಸಾಲಿನವರಿಗೆ ಕೇಳಿರಬೇಕು.

"ಹೇಳೋ," ಅಂದಳು ಗಂಗಮಾಳಮ್ಮ, ಕಟ್ಟಳೆ ಮುರಿದು. "ಬಾಯಿ ಬಿದ್ದೋಯ್ತಾ? ನಿನ್ನ ಸರದಿ ಕಣೋ. ಹೇಳು."

ಖಾಲಿ ಟ್ಯೂಬನ್ನು ಸುತ್ತಿ ಹೆಗಲಿಗೆ ಹಾಕಿಕೊಂಡೆ. ಬೇವಿನ ಮರದ ಕೆಳಗೆ ಕೊಟ್ರೇಶಿ ಯಾರ ಆಸರೆಯೂ ಇಲ್ಲದೆ ನಿಂತು ಇರುವೆ ನೋಡುತ್ತಿದ್ದ. ಅವನ ಪಕ್ಕದಿಂದಲೇ ದಾಟಿಕೊಂಡು ಹೋದೆ. ಹಿಂದಿನಿಂದ ಆಕೆ ಇನ್ನೂ ಕರೆಯುತ್ತಿದ್ದಳು, ಹೆಸರು ಹಿಡಿದು, ಜೋರಾಗಿ. ಗೇಟು ಬಂತು. ನಾನು ಅಲ್ಲಿ ನಿಲ್ಲಲಿಲ್ಲ.